ಗಾಡಿ ಕೊಡುವ ದಿನದ ಒಂದು ತಾಸು

ಹಳೇ ಗಾಡಿ ಮಾರಿಸುವವನ ನಾಲಿಗೆಗೆ ಮೂಳೆ ಮಾತ್ರವಲ್ಲ, ನಾಚಿಕೆಯೂ ಇರುವುದಿಲ್ಲ ಎಂದು ನಮ್ಮಪ್ಪ ದಾಸಪ್ಪನವರು ಹೇಳುತ್ತಿದ್ದರು. ಹೇಳುತ್ತಿದ್ದದ್ದು ನನ್ನ ಮುಖ ನೋಡಿಕೊಂಡೇ. ಮಾದನಾಯಕನಹಳ್ಳಿಯಲ್ಲಿ ನಮ್ಮ ರಾಗಿ ಹೊಲವಿದ್ದ ಕಡೆ ಈಗ ಗೋಡೌನುಗಳು ಎದ್ದಿವೆ. ರಸ್ತೆ ಬದಿಗೆ ಉಳಿದ ಒಂದು ತುಂಡಿಗೆ ತಗಡು ಹೊದಿಸಿ, ಹನ್ನೆರಡು ಗಾಡಿ ನಿಲ್ಲುವಷ್ಟು ಜಾಗ ಮಾಡಿಕೊಂಡು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದ್ದೇನೆ. ಹೆಸರು ರಾಜೇಂದ್ರ. ಮಾತೇ ನನ್ನ ಬಂಡವಾಳ. ಅಂಥವನು ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟೆ. ಅದರ ಕಥೆ ಇದು, ಅದಕ್ಕಿಂತ ಹೆಚ್ಚಾಗಿ ಮುರಿಗೆಪ್ಪನವರ ಕಥೆ.

ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲ. ಕೊಳ್ಳುವವರು ಹೋಗಲಿ, ವಿಚಾರಿಸಲು ಬರುವವರೂ ಇರುವುದಿಲ್ಲ. ಅಂಥದೊಂದು ಖಾಲಿ ಮಧ್ಯಾಹ್ನ ಬಿಳಿಯ ಬೊಲೆರೊ ಒಂದು ಒಳಗೆ ಬಂತು. ಓಡಿಸುತ್ತಿದ್ದ ಮುರಿಗೆಪ್ಪನವರಿಗೆ ಐವತ್ತು ದಾಟಿತ್ತು. ಅಗಲ ಭುಜ, ಎಡಗೈಯ ಕಿರುಬೆರಳು ಅರ್ಧ ಇಲ್ಲ. ಹೆಂಡತಿ ಮುಂದಿನ ಸೀಟು ಖಾಲಿ ಬಿಟ್ಟು ಹಿಂದೆ ಕೂತಿದ್ದರು. ಗಂಡ ಹೆಂಡತಿ ಜಗಳವಾಡಿ ಗಾಡಿ ಮಾರಲು ಬರುವುದು ನನಗೇನೂ ಹೊಸದಲ್ಲ. ಇವರದೂ ಅದೇ ಇರಬೇಕು ಎಂದುಕೊಂಡೆ.

ಗಾಡಿ ನೋಡಿದೆ. ಎಂಜಿನ್ ಗಟ್ಟಿ, ಬಾಡಿಯಲ್ಲಿ ತುಕ್ಕಿಲ್ಲ. ಬಾಗಿಲು ತೆಗೆದರೆ ಭಾರವೋ ಭಾರ, ಒಳಗೆಲ್ಲ ದಪ್ಪ ಶೀಟು ಅಂಟಿಸಿ ಹೊರಗಿನ ಸದ್ದು ಬರದಂತೆ ಮಾಡಿದ್ದಾರೆ. ನಾಲ್ಕು ಬಾಗಿಲಿಗೂ ದೊಡ್ಡ ಸ್ಪೀಕರು, ಡ್ರೈವರ್ ಸೀಟಿನ ಕೆಳಗೊಂದು ಚಪ್ಪಟೆ ಸ್ಪೀಕರು. ಹಿಂದೆ ಸಾಮಾನಿಡುವ ಜಾಗ ಪೂರ್ತಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಬೋಗುಣಿಯಷ್ಟಗಲದ ಎರಡು ಬೇಸ್ ಸ್ಪೀಕರು, ಪಕ್ಕದಲ್ಲಿ ಆಂಪ್ಲಿಫೈಯರು. ಡ್ಯಾಶ್‌ಬೋರ್ಡಿನ ಪಕ್ಕ ಒಂದು ಕೊಕ್ಕೆ, ಕೊಕ್ಕೆಗೆ ಒಂದು ಮೈಕು, ಮೈಕಿಗೆ ಕೈಯಲ್ಲಿ ಹೆಣೆದ ಕೆಂಪು ಉಲ್ಲನ್ ಟೋಪಿ. ನಾನು ಸುಮ್ಮನಿರದೆ ಸೆಟ್ ಹಚ್ಚಿದೆ. ತಗಡಿನ ಚಾವಣಿ ಗಡಗಡ ನಡುಗಿತು, ಎದುರಿನ ಟೀ ಅಂಗಡಿಯ ಗೌರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದರು.

"ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಸಾರ್?" ಎಂದು ನಕ್ಕೆ.

ಅವರೂ ನಕ್ಕರು. ಆಮೇಲೆ ಕಿವಿ ತೋರಿಸಿ ಕೈ ಅಲ್ಲಾಡಿಸಿದರು. ಜೇಬಿನಿಂದ ಸಣ್ಣದೊಂದು ನೋಟ್‌ಬುಕ್ಕು, ಪೆನ್ಸಿಲು ತೆಗೆದು ನನ್ನ ಮುಂದಿಟ್ಟರು. "ಏನ್ ಕೇಳೂದೈತಿ, ಬರೀರಿ. ನಾ ಬಾಯಿಲೇ ಹೇಳ್ತೀನಿ," ಎಂದರು. ದನಿ ಎತ್ತರವಾಗಿತ್ತು, ಏರಿಳಿತವಿರಲಿಲ್ಲ.

ಕಿವುಡನ ಗಾಡಿಯಲ್ಲಿ ಇಷ್ಟು ದೊಡ್ಡ ಸೆಟ್ಟು! ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಕೇಳಿದ್ದೆ. ಕೋಣವೇ ಕಿನ್ನರಿ ಕೊಂಡದ್ದನ್ನು ನೋಡಿರಲಿಲ್ಲ ಎಂದು ಮನಸ್ಸಿನಲ್ಲೇ ತಮಾಷೆ ಮಾಡಿಕೊಂಡೆ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಬೆಲೆಯ ಮಾತು ಬೇಗ ಮುಗಿಯಿತು, ಅವರು ಚೌಕಾಸಿ ಮಾಡುವ ಜನವಲ್ಲ. ಗಾಡಿ ನನ್ನಲ್ಲೇ ಬಿಟ್ಟು ಹೊರಡುವಾಗ ಮಾತ್ರ ಒಂದು ಷರತ್ತು ಹಾಕಿದರು. "ಗಾಡಿ ಕೊಡೂ ದಿನ, ಕೀ ಅವರ ಕೈಯಾಗ ಇಡೂಕಿಂತ ಮೊದ್ಲ, ಒಂದ್ ತಾಸು ಗಾಡಿ ನಮಗ ಬಿಡ್ರಿ. ನಾನು, ನಮ್ಮಾಕಿ, ಇಬ್ರ. ಅಷ್ಟ ನೋಡ್ರಿ."

ಯಾಕೆಂದು ನಾನು ಕೇಳಲಿಲ್ಲ. ಹಳೇ ಗಾಡಿ ಕೊಡುವಾಗ ಶಾಸ್ತ್ರ ಮಾಡುವವರು ಬಹಳ. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಸ್ಟೇರಿಂಗಿಗೆ ತಲೆಯಿಟ್ಟು ಅಳುತ್ತಾರೆ. ಇವರದೂ ಅದೇ ಎಂದು ತಿಳಿದು ನೋಟ್‌ಬುಕ್ಕಿನಲ್ಲಿ "ಆಯ್ತು" ಎಂದು ಬರೆದೆ. ಆ ತಾಸು ಯಾವ ಶಾಸ್ತ್ರಕ್ಕೂ ಆಗಿರಲಿಲ್ಲ. ಮುರಿಗೆಪ್ಪನವರು ಹೆಂಡತಿಯ ದನಿಯನ್ನು ಕಡೆಯ ಸಲ ಕೇಳಬೇಕಿತ್ತು, ಅದು ಕೇಳುತ್ತಿದ್ದದ್ದು ಆ ಗಾಡಿಯೊಳಗೆ ಮಾತ್ರ. ನನಗೆ ಅದು ಗೊತ್ತಾಗಿದ್ದು ಗಾಡಿ ಕೊಡುವ ಬೆಳಿಗ್ಗೆ. ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನನ್ನ ಹಾಗೆ ನೀವು ಮೂರ್ಖರಾಗುವುದು ಬೇಡ.

ಮುರಿಗೆಪ್ಪನವರು ಬಾಗಲಕೋಟೆ ಕಡೆಯವರು. ಏಳನೇ ಕ್ಲಾಸು ಓದಿ, ಹತ್ತೊಂಬತ್ತನೇ ವಯಸ್ಸಿಗೆ ಪೀಣ್ಯಕ್ಕೆ ಬಂದು ಒಂದು ಪ್ರೆಸ್ ಶಾಪ್ ಸೇರಿದರು. ತಗಡನ್ನು ಅಚ್ಚಿನ ಮೇಲಿಟ್ಟು ಯಂತ್ರದಿಂದ ಗುದ್ದಿ ಮೋಟಾರಿನ ಭಾಗ ಮಾಡುವ ಕೆಲಸ. ಒಂದು ಗುದ್ದಿಗೆ ನೆಲ ನಡುಗುತ್ತದೆ, ದಿನಕ್ಕೆ ಅಂಥವು ಸಾವಿರಾರು. ಅಲ್ಲಿ ಬಾಯಿಂದ ಮಾತಿಲ್ಲ, ಎಲ್ಲ ಕೈಸನ್ನೆ. ಬೆರಳು ಎತ್ತಿದರೆ ಟೀ, ಕೈ ಕತ್ತರಿಸಿದಂತೆ ಮಾಡಿದರೆ ನಿಲ್ಲಿಸು.

ಆ ಗದ್ದಲದಲ್ಲಿ ಅವರಿಗೊಂದು ಹೆಸರು ಬಂತು. ಅಚ್ಚು ಬಿರುಕು ಬಿಡುವ ಮುನ್ನ ಗುದ್ದಿನ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತದಂತೆ. ಇಡೀ ಶಾಪಿನಲ್ಲಿ ಅದು ಕೇಳಿಸುತ್ತಿದ್ದದ್ದು ಅವರೊಬ್ಬರಿಗೆ. ಕೈ ಎತ್ತಿ ಯಂತ್ರ ನಿಲ್ಲಿಸುತ್ತಿದ್ದರು, ಬಿಚ್ಚಿ ನೋಡಿದರೆ ಬಿರುಕು ಇರುತ್ತಿತ್ತು. ಲಕ್ಷಗಟ್ಟಲೆಯ ಅಚ್ಚು ಉಳಿಯುತ್ತಿತ್ತು. ಮಾಲೀಕರು ಬಂದ ಅತಿಥಿಗಳಿಗೆಲ್ಲ ತೋರಿಸಿ, ಇವನ ಕಿವಿಗೆ ವಿಮೆ ಮಾಡಿಸಬೇಕು ಎನ್ನುತ್ತಿದ್ದರು. ಮಾಡಿಸಲಿಲ್ಲ. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಬೆಂಡಿನ ಬಿರಡೆಗಳು ಮುರಿಗೆಪ್ಪನವರ ಜೇಬಿನಲ್ಲೇ ಇರುತ್ತಿದ್ದವು. "ಕಿವಿ ಮುಚ್ಕೊಂಡ್ರ ಅಚ್ಚಿನ ಮಾತು ಕೇಳೂದು ಹೆಂಗ್ರಿ?" ಎಂದು ನನ್ನನ್ನೇ ಕೇಳಿದರು. ಉಳಿದವರೆಲ್ಲ ಬಿರಡೆ ಹಾಕಿಕೊಂಡು ಕಿವಿ ಉಳಿಸಿಕೊಂಡರು. ಇವರು ಹೆಸರು ಉಳಿಸಿಕೊಂಡರು.

ಇಪ್ಪತ್ತೈದು ವರ್ಷವಾದ ಮೇಲೆ ಒಂದು ದಿನ ಅಚ್ಚು ಸೀಳಿ ಎಗರಿ, ಅದರ ಚೂರು ಅವರ ಕಿರುಬೆರಳನ್ನು ಒಯ್ದಿತು. ಅಕ್ಕಪಕ್ಕದವರಿಗೂ ಕೇಳಿಸಿದ ಬಿರುಕು ಅವರಿಗೆ ಕೇಳಿಸಿರಲಿಲ್ಲ. ಬೆರಳು ಹೋದದ್ದಕ್ಕೆ ಅವರು ಅಳಲಿಲ್ಲವಂತೆ. ಕೇಳಿಸಲಿಲ್ಲ ಎಂಬುದಕ್ಕೆ ಅತ್ತರಂತೆ. ಇಎಸ್‌ಐ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ನರವೇ ಬಹುಪಾಲು ಸತ್ತಿದೆ ಎಂದರು. ಕಿವಿಯ ಮಿಷನ್ನು ಕೊಟ್ಟರು. ಹಾಕಿಕೊಂಡರೆ ಕೀರಲು ಸದ್ದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಕಾರ್ಖಾನೆಯವರು ಒಂದಿಷ್ಟು ಕೊಟ್ಟು ಮನೆಗೆ ಕಳಿಸಿದರು.

ಹೆಂಡತಿ ಚನ್ನಕ್ಕ. ಚಿಕ್ಕಬಾಣಾವರದಲ್ಲಿ ಹತ್ತು ಮನೆಗಳ ಸಾಲಿನಲ್ಲಿ ಒಂದು ಬಾಡಿಗೆ ಮನೆ, ಮಕ್ಕಳಿಲ್ಲ. ನಸುಕಿಗೆ ಎದ್ದು ಮುನ್ನೂರು ಜೋಳದ ರೊಟ್ಟಿ ಬಡಿದು ಪೀಣ್ಯದ ನಾಲ್ಕು ಖಾನಾವಳಿಗಳಿಗೆ ಕೊಡುತ್ತಾರೆ. ತಮ್ಮ ಕಡೆಯ ಬೀಸುವ ಪದ, ಸೋಬಾನ ಪದ ಚೆನ್ನಾಗಿ ಹೇಳುತ್ತಾರೆ. ಓದು ಬರಹ ಬಾರದು. ಗಂಡನ ಕಿವಿ ಹೋದ ಮೇಲೆ ಅವರ ಕಷ್ಟವೇನೆಂದರೆ, ಕೂಗಿ ಹೇಳಿದ ಮಾತೆಲ್ಲ ಜಗಳವಾಗುತ್ತಿತ್ತು. "ಉಂಡ್ರೇನ್ರಿ?" ಎಂದು ಕೂಗಿದರೆ ಹತ್ತು ಮನೆಯವರು ಹೊಸ್ತಿಲಿಗೆ ಬಂದು ನೋಡುತ್ತಿದ್ದರು. ಅಷ್ಟು ಕೂಗಿದರೂ ಗಂಡನಿಗೆ ಕಾಣುತ್ತಿದ್ದದ್ದು ಉಬ್ಬಿದ ಕುತ್ತಿಗೆಯ ನರ ಮಾತ್ರ. ಪ್ರೀತಿಯ ಮಾತನ್ನು ಕಿರುಚಿ ಹೇಳುವುದು ಹೇಗೆ? ಚನ್ನಕ್ಕ ಮಾತಾಡುವುದನ್ನೇ ಬಿಟ್ಟರು. ಕೈಸನ್ನೆಯಲ್ಲಿ ಊಟ, ನೀರು, ಮಳೆ ಹೇಳಬಹುದು. ಅದಕ್ಕಿಂತ ಒಳಗಿನದನ್ನು ಹೇಳಲು ಸನ್ನೆಯಿಲ್ಲ. ನಾಲ್ಕು ವರ್ಷ ಹಾಗೆಯೇ ಕಳೆಯಿತು.

ರೊಟ್ಟಿ ಸಾಗಿಸಲು ಕೊಂಡದ್ದು ಈ ಬೊಲೆರೊ. ಅದರಲ್ಲಿದ್ದ ಹಳೇ ಟೇಪನ್ನು ಚನ್ನಕ್ಕನಿಗೆಂದು ರಿಪೇರಿ ಮಾಡಿಸಲು ಹನುಮೇಶನ ಹತ್ತಿರ ಹೋದರು. ಹನುಮೇಶ ನಮ್ಮ ಸುತ್ತಿನ ಗಾಡಿಗಳಿಗೆ ಸೆಟ್ ಕಟ್ಟುವ ಮೇಸ್ತ್ರಿ. ಅವನು ಬೇಸ್ ಪರೀಕ್ಷಿಸಲು ಜೋರಾಗಿ ಹಾಡು ಹಾಕಿದಾಗ ಒಳಗೆ ಕೂತಿದ್ದ ಮುರಿಗೆಪ್ಪ ಎದೆ ಮುಟ್ಟಿಕೊಂಡು "ಬರಾಕತ್ತೈತಿ!" ಎಂದು ಕೂಗಿದರಂತೆ. ಹನುಮೇಶನಿಗೆ ಹುಚ್ಚು ಹಿಡಿಯಿತು. ಒಬ್ಬ ಮನುಷ್ಯನ ಕಿವಿಯಲ್ಲಿ ಇನ್ನೂ ಉಳಿದಿರುವ ಅಷ್ಟಿಷ್ಟಕ್ಕೆ ಒಬ್ಬಳ ದನಿಯನ್ನು ಹೊಂದಿಸಲು ಹನ್ನೊಂದು ದಿನ ಒದ್ದಾಡಿದ. ಸ್ಪೀಕರು ಸೀಟಿನ ಕೆಳಗೆ ಬಂತು, ಬಾಗಿಲಿಗೆ ಶೀಟು ಬಂತು, ಚನ್ನಕ್ಕನ ಕೈಗೆ ಮೈಕು ಬಂತು. ಹನ್ನೊಂದನೇ ದಿನ ಗಾಜು ಏರಿಸಿಕೊಂಡು ಆಕೆ ಮೆಲ್ಲಗೆ ಏನೋ ಹೇಳಿದರು. ಗಂಡ ತಿರುಗಿ ಆಕೆಯ ಮುಖ ನೋಡಿದರು. ಹೊರಗೆ ನಿಂತಿದ್ದ ಹನುಮೇಶನಿಗೆ ಮಾತು ಕೇಳಿಸಲಿಲ್ಲ. ಇಬ್ಬರೂ ಅಳುವುದು ಮಾತ್ರ ಕಾಣಿಸಿತು.

ಅಂದಿನಿಂದ ಅವರ ಸಂಸಾರ ನಡೆದದ್ದು ಗಾಡಿಯಲ್ಲಿ. ಬೆಳಿಗ್ಗೆ ರೊಟ್ಟಿ ಹಿಂದಿನ ಸೀಟಿನ ಮೇಲೆ, ಇವರಿಬ್ಬರು ಮುಂದೆ, ಗಾಜು ಮೇಲೆ. ಚನ್ನಕ್ಕ ಮೈಕು ಹಿಡಿದು ಊರಿನ ಸುದ್ದಿ, ಪಕ್ಕದ ಮನೆಯ ಬಸುರಿ, ಜೋಳದ ದರ, ನಡುನಡುವೆ ಒಂದು ಪದ. ಕಿವಿ ಇಲ್ಲದ ಮುರಿಗೆಪ್ಪ ಹಿಂದಿನ ರಸ್ತೆ ಕಾಣುವ ಕನ್ನಡಿಯ ಮೇಲೆ ಸದಾ ಒಂದು ಕಣ್ಣಿಟ್ಟು ಓಡಿಸುತ್ತಿದ್ದರು. ಎರಡು ವರ್ಷ ಒಂದು ಗೀರೂ ಆಗಲಿಲ್ಲ.

ಕಳೆದ ಮೇ ತಿಂಗಳಲ್ಲಿ, ಬೆಳಿಗ್ಗೆ ಆರೂವರೆಗೆ, ಎಂಟನೇ ಮೈಲಿಯ ಹತ್ತಿರ ಸರ್ವೀಸ್ ರಸ್ತೆಯಲ್ಲಿ ಹೋಗುತ್ತಿದ್ದರು. ಚರಂಡಿಗೆಂದು ಅಗೆದು ರಸ್ತೆ ಒಂದೇ ಗಾಡಿಯ ಅಗಲಕ್ಕೆ ಇಳಿದಿತ್ತು. ಚನ್ನಕ್ಕ ಪದ ಹೇಳುತ್ತಿದ್ದರು. ಮುರಿಗೆಪ್ಪ ಕನ್ನಡಿ ಬಿಟ್ಟು ಹೆಂಡತಿಯ ಕಡೆ ತಿರುಗಿದರು. ಹಿಂದೆ ಆಂಬುಲೆನ್ಸ್ ಬಂದದ್ದು ಅವರಿಗೆ ತಿಳಿಯಲಿಲ್ಲ. ಕಿವಿ ಇದ್ದ ಚನ್ನಕ್ಕನಿಗೂ ಆ ಬಾಗಿಲು, ಆ ಸೆಟ್ಟು, ತನ್ನದೇ ದನಿಯ ನಡುವೆ ಸೈರನ್ ಕೇಳಿಸಲಿಲ್ಲ. ಆ ತುಂಡು ರಸ್ತೆ ಮುಗಿಯುವವರೆಗೂ ಬೊಲೆರೊ ತನ್ನ ಪಾಡಿಗೆ ನಿಧಾನವಾಗಿ ಹೋಯಿತು. ಕೊನೆಗೆ ಮಣ್ಣಿನ ಮೇಲೆ ಹತ್ತಿಸಿ ಮುಂದೆ ಹೋದ ಆಂಬುಲೆನ್ಸಿನಿಂದ ಒಬ್ಬ ಹೊರಗೆ ಬಾಗಿ ಕೈ ಬೀಸಿ ಬೈದ. ಸನ್ನೆಯನ್ನೇ ಮಾತು ಮಾಡಿಕೊಂಡವರಿಗೆ ಅದು ಅರ್ಥವಾಗದೆ ಇರುತ್ತದೆಯೇ?

ಅವರು ಅದರ ಹಿಂದೆಯೇ ಆಸ್ಪತ್ರೆಗೆ ಹೋದರು. ಒಳಗಿದ್ದವರು ಪಾಪಯ್ಯ ಎಂಬ ವೃದ್ಧರು, ಎದೆನೋವು. ಜೀವ ಹೋಗಿತ್ತು. ಹತ್ತು ನಿಮಿಷ ಮೊದಲು ಬಂದಿದ್ದರೂ ಇಷ್ಟೇ ಎಂದು ಡಾಕ್ಟರು ಹೇಳಿದರು. ಸತ್ತವರ ಮಗನೂ "ಹೋಗ್ರಣ್ಣ, ನಮ್ಮಪ್ಪನ ಆಯಸ್ಸು ಅಷ್ಟೇ ಇತ್ತು" ಎಂದ. ಚನ್ನಕ್ಕ ಅದನ್ನೆಲ್ಲ ಸನ್ನೆಯಲ್ಲಿ ತಿಳಿಸಿದರು. ಮುರಿಗೆಪ್ಪ ಒಪ್ಪಲಿಲ್ಲ. "ಹಂಗ ಎಲ್ಲಾರಿಗೂ ಹೇಳ್ತಾರ್ರಿ. ನಾ ದಾರಿ ಬಿಡಲಿಲ್ಲ. ಕಿವಿ ಇಲ್ಲದಾಂವ ಕನ್ನಡಿ ಬಿಡಬಾರದು, ಬಿಟ್ಟೆ," ಎಂದು ನನ್ನ ಮುಂದೆಯೂ ಹೇಳಿದರು.

ಚನ್ನಕ್ಕ ಅಂದಿನಿಂದ ಮೈಕು ಮುಟ್ಟಲಿಲ್ಲ. ಮುಂದಿನ ಸೀಟು ಬಿಟ್ಟು ಹಿಂದೆ ಕೂತರು. ಆಕೆ ತನ್ನ ಮೇಲೆ ಮುನಿದಿದ್ದಾಳೆ ಎಂದು ಗಂಡ ತಿಳಿದರು. ಒಂದೇ ಒಂದು ಮಾತು ಆಡು ಎಂದು ದಿನಾ ಬೇಡಿಕೊಂಡರು. ಗಾಡಿ ಮಾರುವುದೆಂದು ತೀರ್ಮಾನವಾದ ದಿನ ಆಕೆ ಸನ್ನೆ ಮಾಡಿದರಂತೆ: ಗಾಡಿ ಕೊಡುವ ದಿನ, ಒಂದು ಸಲ, ಮಾತಾಡುತ್ತೇನೆ. ಅಷ್ಟು ದಿನದಿಂದ ಆಕೆ ನುಂಗಿಕೊಂಡದ್ದು ಏನೋ ಒಂದಿತ್ತು. ಅದನ್ನು ಕೇಳುವ ಆಸೆಯಲ್ಲಿ ಆ ಮನುಷ್ಯ ದಿನ ಎಣಿಸುತ್ತಿದ್ದರು.

ಇತ್ತ ನಾನು ಗಿರಾಕಿ ಹುಡುಕುತ್ತಿದ್ದೆ. ಸೆಟ್ಟಿನ ಮೋಹಕ್ಕೆ ಬಂದ ಪಡ್ಡೆಗಳೆಲ್ಲ ಹಾಡು ಹಾಕಿಸಿಕೊಂಡು, ವಿಡಿಯೊ ಮಾಡಿಕೊಂಡು, "ಸಕ್ಕತ್ತಾಗೈತೆ ಗುರು" ಎಂದು ಹೋದರು. ಕೊಳ್ಳುವವರಾಗಿ ಬಂದದ್ದು ಬಸಲಿಂಗ, ನೆಲಮಂಗಲದ ತರಕಾರಿ ವ್ಯಾಪಾರಿ. ಅವರಿಗೆ ಬೇಕಾದ್ದು ಹಿಂದಿನ ಜಾಗ.

"ಈ ಪೆಟ್ಗೆ ಇಟ್ಕೊಂಡು ನಾನೇನ್ ಆರ್ಕೆಸ್ಟ್ರಾ ಮಾಡ್ಲಾ? ಟೊಮೇಟೊ ಎಲ್ಲಿ ಇಡ್ಲಿ? ಸೆಟ್ ತೆಗ್ಸಿ, ಸೋಮವಾರ ತಗೋತೀನಿ," ಎಂದರು.

ಶ್ರಾವಣದ ಸೋಮವಾರ, ಒಳ್ಳೆಯ ದಿನ. ಹನುಮೇಶ ಭಾನುವಾರ ಊರಿಗೆ ಹೋಗುವವನಿದ್ದ, ಶನಿವಾರವೇ ಬರುತ್ತೇನೆ ಎಂದ. ಬಂದವನು ಪೆಟ್ಟಿಗೆಗೆ ಕೈ ಹಚ್ಚುವ ಮೊದಲು ನಿಂತ.

"ಮುರಿಗೆಪ್ಪ ಮಾವ ಒಪ್ಪವ್ರಾ ಅಣ್ಣ?"

"ಒಪ್ಪವ್ರೆ ಕಣೋ, ಬಿಚ್ಚು," ಎಂದೆ.

ಅವರನ್ನು ಕೇಳಿಯೇ ಇರಲಿಲ್ಲ. ಗಾಡಿ ಮಾರಲು ಬಿಟ್ಟವರು ಸೆಟ್ಟು ಯಾವ ದಿನ ಬಿಚ್ಚಿದರೆಂದು ಕೇಳುತ್ತಾರೆಯೇ ಎಂಬುದು ನನ್ನ ಲೆಕ್ಕ. ಹನುಮೇಶ ಬಿಚ್ಚಿದ. ಬಿಚ್ಚಿದ ಸೆಟ್ಟನ್ನು ಶಿರಾ ಕಡೆಯವರು ಯಾರೋ ಗಣಪತಿ ಪೆಂಡಾಲಿಗೆಂದು ಸಂಜೆಯೇ ಕೊಂಡು ಒಯ್ದರು. ಸೋಮವಾರದ ಶಾಸ್ತ್ರಕ್ಕೆಂದು ನಾನು ಕಾಯಿ, ನಿಂಬೆಹಣ್ಣು, ಒಂದು ಸೇವಂತಿಗೆ ಹಾರ ತಂದಿಟ್ಟೆ. ನನ್ನ ಖರ್ಚಿನಲ್ಲೇ ತಂದೆ ಎಂದು ಒಳಗೊಳಗೆ ಹೆಮ್ಮೆ ಬೇರೆ.

ಸೋಮವಾರ ಎಂಟು ಗಂಟೆಗೆ ಮುರಿಗೆಪ್ಪನವರು ಒಬ್ಬರೇ ಬಂದರು. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿದ್ದರು. ವರ್ಗಾವಣೆ ಫಾರಂಗಳಿಗೆ ಸಹಿ ಹಾಕಿದರು. ಚನ್ನಕ್ಕ ರೊಟ್ಟಿ ಕೊಟ್ಟು ಬಸ್ಸಿನಲ್ಲಿ ಬರುವವರಿದ್ದರು. ಗೌರಮ್ಮನ ಟೀ ಕುಡಿಯುತ್ತಾ, "ಇವತ್ತ ನಮ್ಮಾಕಿ ಮಾತಾಡ್ತಾಳ್ರಿ," ಎಂದು ಶುರು ಮಾಡಿದರು. ಇಷ್ಟು ಹೊತ್ತು ನಿಮಗೆ ಹೇಳಿದ್ದರಲ್ಲಿ ಹೆಚ್ಚಿನದನ್ನು ಅವರು ನನಗೆ ಹೇಳಿದ್ದು ಆಗ. ಅವರು ಮುಗಿಸಿದ ಕೂಡಲೇ ನಾನು ಎದ್ದು ಮರೆಗೆ ಹೋಗಿ ಹನುಮೇಶನಿಗೆ ಫೋನು ಮಾಡಿದೆ.

"ಬೇರೆ ಸೆಟ್ ಇದ್ರೆ ಯಾರ್ ಕೈಲಾದ್ರೂ ಕಳ್ಸೋ, ಒಂದ್ ಗಂಟೆ ಮಟ್ಟಿಗೆ!"

"ಸೆಟ್ ಕಟ್ಟೋದು ಅರ್ಧ ದಿನದ ಕೆಲ್ಸ ಅಣ್ಣ. ಆಯಮ್ಮನ ದನಿ ಅವ್ರಿಗೆ ಹೊಂದ್ಸೋಕೆ ಹನ್ನೊಂದು ದಿನ ಹಿಡೀತು. ಒಪ್ಪವ್ರೆ ಅಂದ್ಯಲ್ಲಣ್ಣ ನೀನು?"

ಫೋನು ಇಟ್ಟೆ. ಒಳಗೆ ಬಂದು ನೋಟ್‌ಬುಕ್ಕು ಎಳೆದುಕೊಂಡು ಬರೆದೆ: ಸೆಟ್ಟು ಶನಿವಾರವೇ ಬಿಚ್ಚಿಸಿದೆ. ನನಗೆ ಗೊತ್ತಿರಲಿಲ್ಲ. ತಪ್ಪಾಯಿತು.

ಅವರು ಎರಡು ಸಲ ಓದಿದರು. ಬೈಯುತ್ತಾರೆ, ಕೊರಳಪಟ್ಟಿ ಹಿಡಿಯುತ್ತಾರೆ ಎಂದುಕೊಂಡೆ, ಹಿಡಿದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಗಾಡಿಯ ಹಿಂದಿನ ಬಾಗಿಲು ತೆಗೆದು ಪೆಟ್ಟಿಗೆಯಿದ್ದ ಜಾಗದ ಮೇಲೆ ಕೈಯಿಟ್ಟು ನಿಂತರು. "ಇರ್ಲಿ ಬಿಡ್ರಿ. ನಿಮಗೇನ್ ಗೊತ್ತು," ಎಂದರು. ಆಮೇಲೆ, "ಆಕಿ ಮಾತು ಕಟ್ಕೊಂಡ್ ಬರಾಕತ್ತಾಳ. ಆಕಿಗೆ ಹೆಂಗ್ ಹೇಳೂದ್ರಿ?" ಎಂದು ಕೇಳಿದರು.

ಒಂಬತ್ತಕ್ಕೆ ಚನ್ನಕ್ಕ ಬಸ್ಸಿಳಿದರು. ಇಳಕಲ್ ಸೀರೆ, ತಲೆಗೆ ಮಲ್ಲಿಗೆ. ಯಾರ ಮುಖವನ್ನೂ ನೋಡದೆ ನೇರ ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಮುರಿಗೆಪ್ಪ ಡ್ರೈವರ್ ಸೀಟಿನಲ್ಲಿ ಕೂತರು. ಬಾಗಿಲು ಮುಚ್ಚಿಕೊಂಡವು. ಆಕೆಯ ಕೈ ತಾನಾಗಿ ಕೊಕ್ಕೆಯ ಕಡೆ ಹೋಯಿತು. ಕೊಕ್ಕೆ ಖಾಲಿ. ಬಾಗಿಲಲ್ಲಿ ಸ್ಪೀಕರುಗಳಿದ್ದ ಕಡೆ ಬರೀ ತೂತು. ತಿರುಗಿ ಹಿಂದೆ ನೋಡಿದರು. ಗಂಡ ಏನೋ ಹೇಳಿದರು. ಆಕೆ ಗಾಜಿನೊಳಗಿಂದ ನನ್ನನ್ನು ನೋಡಿದಾಗ ನಾನು ಕೈ ಮುಗಿದೆ. ಆ ಕೈಯಲ್ಲೇ ದರಿದ್ರದ ಹಾರವೂ ಇತ್ತು.

ಬಸಲಿಂಗ ಬಂದು ಗಡಿಯಾರ ನೋಡಿಕೊಳ್ಳುತ್ತಾ ನಿಂತರು. ಕೊನೆಗೆ ಚನ್ನಕ್ಕ ಇಳಿದು, ಸುತ್ತಿ ಬಂದು, ಗಂಡನ ಬಾಗಿಲು ತೆಗೆದು ಅವರನ್ನೂ ಇಳಿಸಿದರು. ಅವರ ಭುಜ ಹಿಡಿದು, ಕಿವಿಗೆ ಬಾಯಿಟ್ಟು, ತುಮಕೂರು ರಸ್ತೆಯ ಲಾರಿಗಳನ್ನೂ ಮೀರಿಸಿ ಕೂಗಿದರು.

"ತಪ್ಪು ನಿಮ್ದಲ್ರಿ! ನನ್ ಕಡೆ ನೋಡ್ರಿ ಅಂತ ಅಂದಾಕಿ ನಾನು! ಕನ್ನಡಿ ಬಿಡಿಸಿದಾಕಿ ನಾನು! ನಿಮ್ ಕಿವಿ ನಾನ ಆಗಿದ್ದೆ, ನಾ ಕೇಳಬೇಕಿತ್ತು! ನನ್ ಬೈರಿ! ನೀವ್ಯಾಕ್ ಒಳಗೊಳಗ ಸುಡಾಕತ್ತೀರಿ!"

ನನಗೆ ಕೇಳಿಸಿತು, ಬಸಲಿಂಗನಿಗೆ ಕೇಳಿಸಿತು, ರಸ್ತೆಯಾಚೆ ಟೀ ಕುಡಿಯುತ್ತಿದ್ದ ಲಾರಿಯವರೂ ಸದ್ದು ಕೇಳಿ ತಿರುಗಿ ನೋಡಿದರು. ಮುರಿಗೆಪ್ಪನವರಿಗೆ ಒಂದಕ್ಷರ ಕೇಳಿಸಲಿಲ್ಲ. ಅವರು ಆಕೆಯ ಮುಖ ನೋಡುತ್ತಿದ್ದರು. ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ಕೆಂಪಾಗಿತ್ತು, ಬಾಯಿ ದೊಡ್ಡದಾಗಿ ತೆರೆದಿತ್ತು. ಅವರು ತಲೆ ತಗ್ಗಿಸಿ ಎರಡೂ ಕೈ ಜೋಡಿಸಿದರು.

"ತಪ್ಪಾತು ಚನ್ನಿ. ನಂದ ತಪ್ಪು. ನೀ ಎಷ್ಟ್ ಬೈದ್ರೂ ಕಡಿಮಿನ."

ಆಕೆ ತಲೆ ಅಲ್ಲಾಡಿಸಿ ಅಲ್ಲ ಅಲ್ಲ ಎಂದು ಇನ್ನೂ ಜೋರಾಗಿ ಕೂಗಿದರು. ಅವರ ತಲೆ ಇನ್ನೂ ತಗ್ಗಿತು. ಅಷ್ಟರಲ್ಲಿ ಗೌರಮ್ಮ ಓಡಿಬಂದು ನಡುವೆ ನಿಂತರು. "ಏನಮ್ಮಾ ಇದು, ರೋಡಲ್ಲಿ ನಿಂತ್ಕೊಂಡು ಗಂಡನ್ನ ಇಂಗಾ ಬಯ್ಯೋದು? ಪಾಪ, ಕಿವಿ ಕೇಳ್ದೋರು!"

ಚನ್ನಕ್ಕ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಸ್ ಸ್ಟಾಪಿನ ಕಡೆ ಹೊರಟುಹೋದರು.

ನನಗೆ ತಡೆಯಲಾಗಲಿಲ್ಲ. ನೋಟ್‌ಬುಕ್ಕು ಅವರ ಜೇಬು ಸೇರಿತ್ತು, ಕೈಗೆ ಸಿಕ್ಕಿದ ಕಾಗದದ ಹಿಂದೆ ಗೀಚಿದೆ: "ನಿಮ್ಮ ಪತ್ನಿಯವರು ಬೈಯಲಿಲ್ಲ. ತಪ್ಪು ನಿಮ್ಮದಲ್ಲ, ತನ್ನ ಕಡೆ ನೋಡಿ ಎಂದು ತಾನೇ ಹೇಳಿದೆನೆಂದು ಅವರು ಹೇಳಿದರು." ಬರೆದು ಅವರ ಕೈಗಿಟ್ಟ ಮೇಲೆ ನಾನೂ ಓದಿಕೊಂಡೆ. ಆಕೆ ಹೇಳಿದ್ದರ ಬಿಸಿ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಯಾವುದೋ ಕಚೇರಿಯ ಪತ್ರದ ಹಾಗಿತ್ತು.

ಮುರಿಗೆಪ್ಪ ನಿಧಾನವಾಗಿ ಓದಿದರು. ನನ್ನ ಭುಜ ತಟ್ಟಿದರು.

"ನೀವು ಭಾಳ ಚಲೋ ಮನುಷ್ಯಾರ್ರಿ. ನನ್ ಸಮಾಧಾನಕ್ಕ ಬರದೀರಿ. ಆಕಿ ಮಾರಿ ನಾ ನೋಡಿಲ್ಲೇನ್ರಿ? ಮೂರ್ ತಿಂಗಳಿಂದ ಹೊಟ್ಟ್ಯಾಗ ಇಟ್ಕೊಂಡಿದ್ಲು. ಬೈಲಿ. ಬೈದು ಹಗುರಾಗ್ಲಿ."

ಅಲ್ಲ, ಖರೇ ಎಂದು ನಾನು ಎದೆ ಮುಟ್ಟಿ ತೋರಿಸಿದೆ, ಆಣೆ ಇಟ್ಟೆ. ಗಾಡಿ ಮಾರುವವನ ಆಣೆ. ಅವರು ಮಗುವನ್ನು ಸಮಾಧಾನ ಮಾಡುವವರಂತೆ ನಕ್ಕರು. ಕಾಗದ ತಿರುಗಿಸಿ ನೋಡಿದಾಗ ಅದು ಅವರೇ ಸಹಿ ಹಾಕಿದ್ದ ವರ್ಗಾವಣೆ ಫಾರಂ ಆಗಿತ್ತು. "ಇದು ನಿಮಗ ಬೇಕಾಗ್ತೈತಿ," ಎಂದು ನನ್ನ ಮೇಜಿನ ಮೇಲಿಟ್ಟು, ಹಾರಿಹೋಗದಂತೆ ಮೇಲೆ ಸ್ಟೇಪ್ಲರ್ ಇಟ್ಟರು.

ಓಡಿಹೋಗಿ ಚನ್ನಕ್ಕನನ್ನು ಕರೆದುಕೊಂಡು ಬರಬೇಕಿತ್ತು. ಆಕೆ ಒಮ್ಮೆ ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಬಸಲಿಂಗ ಕೀ ಕೇಳುತ್ತಿದ್ದರು, ರಾಹುಕಾಲ ಮುಗಿದು ಆಗಲೇ ಅರ್ಧ ಗಂಟೆಯಾಯಿತು ಎನ್ನುತ್ತಿದ್ದರು. ನಾನು ಕೀ ಹುಡುಕಿ ಕೊಡುವುದರಲ್ಲಿ ಬಸ್ಸು ಬಂದೇಬಿಟ್ಟಿತು. ಚನ್ನಕ್ಕ ಮುಂದಿನ ಬಾಗಿಲಲ್ಲಿ ಹತ್ತಿ ಹೆಂಗಸರ ಸೀಟಿನಲ್ಲಿ ಕೂತರು, ಮುರಿಗೆಪ್ಪ ಹಿಂದಿನ ಬಾಗಿಲಲ್ಲಿ ಹತ್ತಿದರು. ಮಧ್ಯಾಹ್ನ ಏಜೆಂಟ್ ಬಂದು ಆ ಫಾರಂ ತೆಗೆದುಕೊಂಡು ಆರ್‌ಟಿಒ ಕಚೇರಿಗೆ ಹೋದ.